ಡಾಕ್ಟರ್ ಸ್ಮಿತ್: ಖಳನಾಯಕನೋ ವಿದೂಷಕನೋ? 'ಲಾಸ್ಟ್ ಇನ್ ಸ್ಪೇಸ್' ಸರಣಿಯ ಪಾತ್ರವೊಂದರ ಕುರಿತು ಚರ್ಚೆ

ಕಪ್ಪುಬಿಳುಪು:

1965ರ ಸೆಪ್ಟೆಂಬರ್ 15ರಂದು ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ಆರಂಭವಾದ 'ಲಾಸ್ಟ್ ಇನ್ ಸ್ಪೇಸ್' ಸರಣಿಯ ಮೊದಲ ಕಂತನ್ನು ಇತ್ತೀಚೆಗೆ ಮತ್ತೊಮ್ಮೆ ನೋಡಿದೆ. ಅದರಲ್ಲಿ ಕಾಣಿಸಿಕೊಳ್ಳುವ ಡಾಕ್ಟರ್ ಝಕರಿ ಸ್ಮಿತ್ ನಗೆ ತರಿಸುವ ಮನುಷ್ಯನೇ ಅಲ್ಲ. ಅವನು ಹೆಸರು ಹೇಳದ ಯಾವುದೋ ಪರರಾಷ್ಟ್ರಕ್ಕೆ ಮಾರಿಕೊಂಡ ಗೂಢಚಾರ. ತನ್ನನ್ನು ಕಂಡ ಕಾವಲುಗಾರನನ್ನು ಹೊಡೆದುರುಳಿಸಿ ತ್ಯಾಜ್ಯದ ಕಿಂಡಿಗೆ ತಳ್ಳುತ್ತಾನೆ. ಉಡಾವಣೆಯಾಗಿ ಎಂಟು ಗಂಟೆಗಳ ನಂತರ ರೋಬಾಟ್ ಎಚ್ಚೆತ್ತು, ರಾಬಿನ್ಸನ್ ಕುಟುಂಬವನ್ನು ಹೊತ್ತ ಇಡೀ ಬಾಹ್ಯಾಕಾಶ ನೌಕೆಯನ್ನು ಧ್ವಂಸ ಮಾಡುವಂತೆ ಆದೇಶ ತುಂಬುತ್ತಾನೆ. ಕೊನೆಗೆ ಹೊರಬರಲು ಸಮಯ ಸಾಲದೆ ತಾನು ಒಡ್ಡಿದ ಬಲೆಯಲ್ಲಿ ತಾನೇ ಸಿಕ್ಕಿಕೊಳ್ಳುತ್ತಾನೆ. ಕಥೆಯ ಪ್ರಕಾರ 1997ರ ಅಕ್ಟೋಬರ್ 16ರಂದು ಆಲ್ಫಾ ಸೆಂಟೌರಿಯತ್ತ ಹೊರಟ 'ಜುಪಿಟರ್ 2' ನೌಕೆಯ ಲೆಕ್ಕದಲ್ಲಿ ಈ ಒಬ್ಬನ ಮೈತೂಕ ಸೇರಿರಲಿಲ್ಲ. ಹಾಗಾಗಿ ನೌಕೆ ದಾರಿ ತಪ್ಪಿ ಉಲ್ಕೆಗಳ ನಡುವೆ ಸಿಲುಕುತ್ತದೆ, ರಾಬಿನ್ಸನ್ ಕುಟುಂಬ ದಿಕ್ಕು ತಪ್ಪುತ್ತದೆ.

ಮೂರನೆಯ ಆವೃತ್ತಿಗೆ (ಸೀಸನ್‌ಗೆ) ಬರುವ ಹೊತ್ತಿಗೆ ಇದೇ ಮನುಷ್ಯ ಚೀರುತ್ತಾನೆ, ಬೆನ್ನುನೋವೆಂದು ನರಳುತ್ತಾನೆ, ಅಪಾಯ ಎದುರಾದರೆ ಒಬ್ಬ ಪುಟ್ಟ ಹುಡುಗನ ಹಿಂದೆ ಅಡಗುತ್ತಾನೆ, ಉಳಿದ ಸಮಯವನ್ನೆಲ್ಲ ರೋಬಾಟಿನೊಡನೆ ಜಗಳದಲ್ಲಿ ಕಳೆಯುತ್ತಾನೆ. ಈ ಮಾರ್ಪಾಡೇ ಸರಣಿಯನ್ನು ಕೆಡಿಸಿತು ಎಂಬುದು ಬಹುಕಾಲದಿಂದ ಕೇಳಿಬರುತ್ತಿರುವ ಅಭಿಪ್ರಾಯ. ನಾನು ಅದನ್ನು ಒಪ್ಪುವುದಿಲ್ಲ. ಖಳನು ಮಾಯವಾಗಲಿಲ್ಲ, ಅವನ ಆಯುಧ ಬದಲಾಯಿತು ಅಷ್ಟೆ. ಮೊದಲು ಯಂತ್ರಗಳನ್ನು ಕೆಡಿಸುತ್ತಿದ್ದವನು ಆಮೇಲೆ ಮಾತು, ಕಣ್ಣೀರು ಮತ್ತು ಸೋಗಿನಿಂದ ಅದೇ ಕೆಲಸ ಮಾಡುತ್ತಾನೆ. ಕುಟುಂಬವನ್ನು ಮೊದಲನೆಯ ಕಂತಿನಲ್ಲಿ ಮಾರಿದವನು ಎಂಬತ್ತನೆಯ ಕಂತಿನಲ್ಲೂ ಮಾರಲು ಸಿದ್ಧನಿದ್ದಾನೆ. ನೀವೆಲ್ಲ ಏನು ಹೇಳುತ್ತೀರಿ?

ತುಂಗಾತೀರ:

ಕಪ್ಪುಬಿಳುಪು ಅವರೇ, ನಿಮ್ಮ ವಾದ ಚೆನ್ನಾಗಿದೆ, ಆದರೆ ಅದು ಒಂದು ಪಾತ್ರವನ್ನು ಮಾತ್ರ ನೋಡುತ್ತದೆ. ನಾನು ಇಡೀ ತಂಡವನ್ನು ನೋಡಿ ಹೇಳುತ್ತೇನೆ. ಈ ಸರಣಿಯ ನಾಯಕ, ಅಂದರೆ ಕುಟುಂಬದ ತಂದೆ ಪ್ರೊಫೆಸರ್ ಜಾನ್ ರಾಬಿನ್ಸನ್ ಆದ ಗೈ ವಿಲಿಯಮ್ಸ್ ಅದಕ್ಕೂ ಮುಂಚೆ 'ಝೋರೋ' ಪಾತ್ರದಿಂದ ಮನೆಮಾತಾದವರು. ಜೂನ್ ಲಾಕ್‌ಹಾರ್ಟ್ 'ಲಾಸ್ಸಿ' ಸರಣಿಯ ತಾಯಿಯಾಗಿ ಹೆಸರು ಮಾಡಿದವರು. ಏಂಜೆಲಾ ಕಾರ್ಟ್‌ರೈಟ್ ಆಗಷ್ಟೇ 'ದ ಸೌಂಡ್ ಆಫ್ ಮ್ಯೂಸಿಕ್' ಚಿತ್ರದಲ್ಲಿ ನಟಿಸಿ ಬಂದಿದ್ದ ಬಾಲನಟಿ. ಎರಡನೆಯ ಆವೃತ್ತಿಯಿಂದಾಚೆಗೆ ಇವರಿಗೆಲ್ಲ ಉಳಿದ ಕೆಲಸವೇನು? ಕಂತಿನ ಮೊದಲಲ್ಲಿ ಊಟದ ಮೇಜಿನ ಸುತ್ತ ಕುಳಿತು ನಾಲ್ಕು ಮಾತಾಡುವುದು, ಕೊನೆಯಲ್ಲಿ ಲೇಸರ್ ಬಂದೂಕು ಹಿಡಿದು ಓಡಿಬರುವುದು. ನಡುವಿನ ಕಥೆಯೆಲ್ಲ ಸ್ಮಿತ್, ರಾಬಿನ್ಸನ್‌ರ ಮಗ ವಿಲ್ ಮತ್ತು ರೋಬಾಟಿನ ಪಾಲು. ಹಿರಿಯ ಮಗಳು ಜೂಡಿಯ ಪಾತ್ರ ಮಾಡಿದ ಮಾರ್ಟಾ ಕ್ರಿಸ್ಟನ್ ಅವರಿಗಂತೂ ಅಷ್ಟೂ ಸಿಗಲಿಲ್ಲ.

ಇನ್ನೊಂದು ಮಾತು. ತಾನು ಮಾಡಿದ್ದಕ್ಕೆ ಫಲ ಉಣ್ಣದ ಖಳನು ಖಳನಾಗಿ ಉಳಿಯುವುದಿಲ್ಲ. ವಾರಕ್ಕೊಮ್ಮೆ ದ್ರೋಹ ಮಾಡಿ, ವಾರದ ಕೊನೆಗೆ ಕ್ಷಮೆ ಪಡೆದು, ಮುಂದಿನ ವಾರ ಏನೂ ಆಗದವನಂತೆ ಎದ್ದು ಬರುವವನನ್ನು ಕಂಡು ಯಾರು ಹೆದರುತ್ತಾರೆ? 1968ರ ಫೆಬ್ರವರಿಯಲ್ಲಿ ಬಂದ 'ದ ಗ್ರೇಟ್ ವೆಜಿಟೆಬಲ್ ರೆಬೆಲಿಯನ್' ಕಂತನ್ನು ನೆನಪಿಸಿಕೊಳ್ಳಿ. ನಟ ಸ್ಟ್ಯಾನ್ಲಿ ಆಡಮ್ಸ್ ದೊಡ್ಡ ಗಜ್ಜರಿಯ ವೇಷ ತೊಟ್ಟು ಬರುತ್ತಾರೆ, ಡಾಕ್ಟರ್ ಸ್ಮಿತ್ ಸೆಲರಿ ಗಿಡವಾಗಿ ಮಾರ್ಪಡುತ್ತಾನೆ. ಚಿತ್ರೀಕರಣದಲ್ಲಿ ನಗು ತಡೆಯಲಾಗದ ಕಾರಣಕ್ಕೆ ತಮ್ಮನ್ನೂ ಗೈ ವಿಲಿಯಮ್ಸ್ ಅವರನ್ನೂ ಮುಂದಿನ ಕೆಲವು ಕಂತುಗಳಿಂದ ಕೈಬಿಟ್ಟರೆಂದು ಲಾಕ್‌ಹಾರ್ಟ್ ಅವರೇ ಹೇಳಿಕೊಂಡಿದ್ದಾರೆ. ಬಾಹ್ಯಾಕಾಶದಲ್ಲಿ ದಾರಿ ತಪ್ಪಿದ ಕುಟುಂಬವೊಂದರ ಕಥೆ ಬಂದು ನಿಂತ ಜಾಗ ಇದು.

ಏಳನೆಯ ಕಕ್ಷೆ:

ಇಬ್ಬರೂ ಹೇಳದ ಒಂದು ಸಂಗತಿಯನ್ನು ಸೇರಿಸುತ್ತೇನೆ. ಈ ಸರಣಿಯ ಮೂಲ ಯೋಜನೆಯಲ್ಲಿ ಸ್ಮಿತ್ ಇರಲೇ ಇಲ್ಲ. ನಿರ್ಮಾಪಕ ಇರ್ವಿನ್ ಆಲೆನ್ ಮೊದಲು ಚಿತ್ರಿಸಿದ 'ನೋ ಪ್ಲೇಸ್ ಟು ಹೈಡ್' ಎಂಬ ಮಾದರಿ ಕಂತಿನಲ್ಲಿ ಖಳನೂ ಇಲ್ಲ, ರೋಬಾಟೂ ಇಲ್ಲ. ಒಳ್ಳೆಯವರೇ ತುಂಬಿದ ಕುಟುಂಬ, ಒಬ್ಬ ಒಳ್ಳೆಯ ಪೈಲಟ್, ಎದುರಿಗೆ ಚಳಿ, ಬಿರುಗಾಳಿ, ಒಕ್ಕಣ್ಣಿನ ದೈತ್ಯ. ವಾಹಿನಿ ಸರಣಿಯನ್ನು ಒಪ್ಪಿಕೊಂಡ ಮೇಲೆ, ನೌಕೆಯೊಳಗೇ ವಿರೋಧಿಯೊಬ್ಬ ಇರಬೇಕೆಂದು ಕಥಾ ಸಂಪಾದಕ ಆಂಥೊನಿ ವಿಲ್ಸನ್ ಸೂಚಿಸಿದರು. ಸ್ಮಿತ್ ಮತ್ತು ರೋಬಾಟ್ ಹುಟ್ಟಿದ್ದು ಹಾಗೆ. ರೋಬಾಟನ್ನು ವಿನ್ಯಾಸ ಮಾಡಿದ ರಾಬರ್ಟ್ ಕಿನೋಶಿಟಾ ಅವರೇ 1956ರ 'ಫರ್ಬಿಡನ್ ಪ್ಲಾನೆಟ್' ಚಿತ್ರದ ರಾಬಿ ರೋಬಾಟಿನ ವಿನ್ಯಾಸದಲ್ಲೂ ಇದ್ದವರು.

ಇಲ್ಲಿಯೇ ನನಗೆ ಬಹಳ ಸ್ವಾರಸ್ಯವೆನಿಸುವ ವಿಷಯವಿದೆ. ಮಾದರಿ ಕಂತಿಗೆ ಸಾಕಷ್ಟು ಹಣ ಸುರಿದಾಗಿತ್ತು. ಅದರ ದೃಶ್ಯಗಳನ್ನು ವ್ಯರ್ಥ ಮಾಡದೆ ಕತ್ತರಿಸಿ ಮೊದಲ ಐದು ಕಂತುಗಳಲ್ಲಿ ಹಂಚಿ ಬಳಸಿದರು. ಆ ದೃಶ್ಯಗಳಲ್ಲಿ ಸ್ಮಿತ್ ಇಲ್ಲವಾದ್ದರಿಂದ, ಕುಟುಂಬವು 'ಚಾರಿಯಟ್' ವಾಹನದಲ್ಲಿ ದಕ್ಷಿಣಕ್ಕೆ ಪಯಣಿಸುವಾಗ ಅವನನ್ನು ಎಲ್ಲಾದರೂ ಇಡಬೇಕಿತ್ತು. ಆದ್ದರಿಂದ ಅವನು ತಾನು ಬರುವುದಿಲ್ಲವೆಂದು ಹಟ ಹಿಡಿದು ನೌಕೆಯಲ್ಲೇ ಉಳಿಯುತ್ತಾನೆ, ಜೊತೆಗೆ ರೋಬಾಟ್ ಉಳಿಯುತ್ತದೆ. ಮಾತಾಡಲು ಬೇರೆ ಯಾರೂ ಇಲ್ಲದ ಆ ಹಾಳು ನೌಕೆಯಲ್ಲಿ ಅವನು ಯಂತ್ರದ ಜೊತೆ ಮಾತಿಗಿಳಿಯುತ್ತಾನೆ. ಮುಂದೆ ಮೂರು ವರ್ಷ ನಡೆದ ಆ ಜುಗಲ್‌ಬಂದಿಯ ಬೀಜ ಇಲ್ಲಿದೆ ಎಂಬುದು ನನ್ನ ಊಹೆ. ಹಳೆಯ ಫಿಲ್ಮನ್ನು ಉಳಿಸುವ ಲೆಕ್ಕಾಚಾರ ಇಂಥದೊಂದು ಜೋಡಿಯನ್ನು ಕೊಟ್ಟಿತೆಂದರೆ, ಉಳಿತಾಯವೂ ಒಮ್ಮೊಮ್ಮೆ ಒಳ್ಳೆಯ ಬರಹಗಾರನೇ.

ತುಂಗಾತೀರ ಅವರು ಎತ್ತಿದ ಹಾಸ್ಯದ ಅತಿರೇಕಕ್ಕೆ ಹೊರಗಿನ ಕಾರಣವೂ ಒಂದಿತ್ತು. 1966ರ ಜನವರಿ 12ರಂದು ಎಬಿಸಿ ವಾಹಿನಿಯಲ್ಲಿ 'ಬ್ಯಾಟ್‌ಮ್ಯಾನ್' ಆರಂಭವಾಯಿತು, ಅದೂ ಬುಧವಾರ ಸಂಜೆ ಏಳೂವರೆಗೆ, ಅಂದರೆ ಇವರ ಸಮಯಕ್ಕೇ. ಅದು ಬಣ್ಣದಲ್ಲಿತ್ತು, ಇವರದು ಇನ್ನೂ ಕಪ್ಪುಬಿಳುಪಿನಲ್ಲಿತ್ತು. ಅಲ್ಲಿ ವಾರಕ್ಕೊಬ್ಬ ವೇಷಧಾರಿ ಖಳ ಕುಣಿಯುತ್ತಿದ್ದ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಎರಡನೆಯ ಆವೃತ್ತಿ ಬಣ್ಣಕ್ಕೆ ಬಂದಾಗ, ಬಣ್ಣದ ಜೊತೆ ಆ ವೇಷಗಳ ಗಾಳಿಯೂ ಇಲ್ಲಿಗೆ ಬೀಸಿತು.

ರಂಗಮಂಟಪ:

ಇಷ್ಟು ಚರ್ಚೆಯಾದರೂ ಜೊನಾಥನ್ ಹ್ಯಾರಿಸ್ ಅವರ ಹೆಸರನ್ನು ಯಾರೂ ಎತ್ತಲಿಲ್ಲವಲ್ಲ! ಸ್ಮಿತ್ ಎಂಬ ಪಾತ್ರವನ್ನು ಬರೆದವರು ಕಥೆಗಾರರಾದರೂ ಕಟ್ಟಿದವರು ಆ ನಟ.

ಹ್ಯಾರಿಸ್ 1914ರಲ್ಲಿ ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ, ರಷ್ಯಾದಿಂದ ವಲಸೆ ಬಂದಿದ್ದ ಯೆಹೂದಿ ದಂಪತಿಯ ಮಗನಾಗಿ ಹುಟ್ಟಿದವರು. ಮನೆತನದ ಹೆಸರು ಚರಸುಚಿನ್. ಓದಿದ್ದು ಫೋರ್ಡ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ, ಔಷಧಶಾಸ್ತ್ರ. ಬ್ರಾಂಕ್ಸ್ ಬೀದಿಯ ಉಚ್ಚಾರಣೆಯನ್ನು ಕಳಚಿಕೊಳ್ಳಲು ಅವರು ಬ್ರಿಟಿಷ್ ಸಿನಿಮಾಗಳನ್ನು ನೋಡಿ ನೋಡಿ ನಾಲಗೆ ತಿದ್ದಿಕೊಂಡರು. ತಾವು ಬ್ರಿಟಿಷರೇ ಎಂದು ಕೇಳಿದವರಿಗೆ, ಇಲ್ಲ, ಇದು ಬರೀ ಸೋಗು ಎಂದು ಉತ್ತರಿಸುತ್ತಿದ್ದರಂತೆ. ಸ್ಮಿತ್ ಬಾಯಲ್ಲಿ ಕೇಳುವ ಆ ಗಂಭೀರ, ಉರುಟಾದ, ಪ್ರತಿ ಅಕ್ಷರಕ್ಕೂ ಮೆರುಗು ಕೊಟ್ಟ ಇಂಗ್ಲಿಷ್ ಯಾವ ಊರಿನ ಭಾಷೆಯೂ ಅಲ್ಲ. ಒಬ್ಬ ಮನುಷ್ಯ ಸ್ವಂತ ಶ್ರಮದಿಂದ ತನಗೆ ತಾನೇ ಹೊಲಿದುಕೊಂಡ ಉಡುಪು ಅದು. ಅಂತಹ ನಟನಿಗೆ, ಇಲ್ಲದ ಘನತೆಯನ್ನು ಹೊದ್ದು ತಿರುಗುವ ಪಾತ್ರ ಸಿಕ್ಕಿತು.

ಮುಖ್ಯವಾದದ್ದು ಇದು. ಕೆಲವು ಕಂತುಗಳಾದ ಮೇಲೆ ಸ್ಮಿತ್‌ನನ್ನು ಕೊಂದುಬಿಡುವ ಉದ್ದೇಶವಿತ್ತು. ನಿಜವಾದ ಕಡುಖಳನನ್ನು ಸಣ್ಣ ಕುಟುಂಬದ ನಡುವೆ ಎಷ್ಟು ವಾರ ಇಟ್ಟುಕೊಳ್ಳಲು ಸಾಧ್ಯ? ಒಂದೋ ಅವನು ಅವರನ್ನು ಮುಗಿಸಬೇಕು, ಇಲ್ಲ ಅವರು ಅವನನ್ನು ಮುಗಿಸಬೇಕು. ಹ್ಯಾರಿಸ್‌ಗೆ ಇದು ಅರ್ಥವಾಗಿತ್ತು. ಸಂದರ್ಶನಗಳಲ್ಲಿ ಅವರು ಹೇಳಿಕೊಂಡ ಪ್ರಕಾರ, ತಮ್ಮ ಸಂಭಾಷಣೆಗಳನ್ನು ತಾವೇ ತಿದ್ದಿ, ಹೇಡಿತನ, ಸೋಮಾರಿತನ, ಬಡಾಯಿಗಳನ್ನು ಸ್ವಲ್ಪ ಸ್ವಲ್ಪವಾಗಿ ತುಂಬುತ್ತ ಹೋದರು. ಇರ್ವಿನ್ ಆಲೆನ್ ಅದನ್ನು ಗಮನಿಸಿದರು, ಬೇಡವೆನ್ನುವ ಬದಲು ಇನ್ನಷ್ಟು ಮಾಡಿ ಎಂದರು. ರೋಬಾಟಿಗೆ ಸ್ಮಿತ್ ಬಯ್ಯುವ, ಒಂದೇ ಅಕ್ಷರದಿಂದ ಆರಂಭವಾಗುವ ಆ ಬಿರುದಾವಳಿಗಳನ್ನು ಹ್ಯಾರಿಸ್ ಸ್ವತಃ ಪಟ್ಟಿಮಾಡಿ ತರುತ್ತಿದ್ದರು. ಅಂದರೆ ತೆರೆಯ ಮೇಲೆ ಸ್ಮಿತ್ ಮಾತಿನಿಂದ ಜೀವ ಉಳಿಸಿಕೊಳ್ಳುತ್ತಿದ್ದಾಗ ತೆರೆಯ ಹಿಂದೆ ಹ್ಯಾರಿಸ್ ಅದೇ ಮಾತಿನಿಂದ ಕೆಲಸ ಉಳಿಸಿಕೊಳ್ಳುತ್ತಿದ್ದರು. ತಾರಾಗಣದಲ್ಲಿ ಕೊನೆಗೆ ಸೇರಿದವರಾದ್ದರಿಂದ ಹೆಸರು ಹಿಂದೆ ಬೀಳದಿರಲೆಂದು 'ವಿಶೇಷ ಅತಿಥಿ ತಾರೆ' ಎಂಬ ಪಟ್ಟವನ್ನು ಒಪ್ಪಂದದಲ್ಲೇ ಬರೆಸಿಕೊಂಡರು. ಮೂರು ಆವೃತ್ತಿಗಳ ಉದ್ದಕ್ಕೂ ಅತಿಥಿಯಾಗಿಯೇ ಉಳಿದ ನಟರು ಅಪರೂಪ. ಇದೂ ಸ್ಮಿತ್ ಮಾಡುವಂಥ ಕೆಲಸವೇ!

ಹಳೆ ಆಂಟೆನಾ:

ನನ್ನದು ಸರಳ ಪ್ರಶ್ನೆ. ಇಷ್ಟೆಲ್ಲ ಆದಮೇಲೂ ಆ ರಾಬಿನ್ಸನ್ ದಂಪತಿ ಇವನನ್ನು ಯಾವುದಾದರೊಂದು ಗ್ರಹದಲ್ಲಿ ಬಿಟ್ಟು ಹೋಗಲಿಲ್ಲ ಏಕೆ? ನೌಕೆಯ ಪೈಲಟ್ ಮೇಜರ್ ಡಾನ್ ವೆಸ್ಟ್ ಪ್ರತಿ ಕಂತಿನಲ್ಲೂ ಇದನ್ನೇ ಕೇಳುತ್ತಾನೆ. ಪ್ರೇಕ್ಷಕನಾಗಿ ನಾನು ಯಾವತ್ತೂ ಮೇಜರನ ಪಕ್ಷ.

ಕಪ್ಪುಬಿಳುಪು:

ಹಳೆ ಆಂಟೆನಾ ಅವರೇ, ಬಿಟ್ಟು ನೋಡಿದ್ದಾರೆ. ಮೊದಲ ಆವೃತ್ತಿಯ 'ವಿಶ್ ಅಪಾನ್ ಎ ಸ್ಟಾರ್' ಕಂತಿನಲ್ಲಿ ಅವನ ಅವಾಂತರಗಳಿಗೆ ಬೇಸತ್ತು ಶಿಬಿರದಿಂದ ಹೊರಗಿಡುತ್ತಾರೆ. ಅಲ್ಲಿ ಅವನಿಗೆ ಬಿದ್ದುಹೋದ ಅನ್ಯಗ್ರಹದ ನೌಕೆಯೊಂದರಲ್ಲಿ ಬೇಡಿದ್ದನ್ನು ಕೊಡುವ ಯಂತ್ರ ಸಿಗುತ್ತದೆ. ದುರಾಸೆಯಿಂದ ಅದನ್ನೂ ಹಾಳುಮಾಡಿಕೊಂಡು ಹಿಂದಿರುಗುತ್ತಾನೆ. ಆದರೆ ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ವಿಲ್ ರಾಬಿನ್ಸನ್. ಬಿಲ್ ಮ್ಯೂಮಿ ಎಂಬ ಹನ್ನೊಂದು ವರ್ಷದ ಬಾಲನಟ ಅಭಿನಯಿಸಿದ ಈ ಹುಡುಗ ಇಡೀ ಕುಟುಂಬದಲ್ಲಿ ಸ್ಮಿತ್‌ನನ್ನು ಪೂರ್ತಿಯಾಗಿ ಬಲ್ಲವನು. ಅವನು ಸುಳ್ಳುಗಾರನೆಂದು ಗೊತ್ತು, ಹೇಡಿಯೆಂದು ಗೊತ್ತು, ತನ್ನನ್ನು ಅಪಾಯಕ್ಕೆ ದೂಡಿಯಾನೆಂದೂ ಗೊತ್ತು. ಗೊತ್ತಿದ್ದೂ ಜೊತೆಗೆ ಹೋಗುತ್ತಾನೆ. ಎಂತಹ ಸಂದರ್ಭದಲ್ಲೂ ಇಬ್ಬರಲ್ಲಿ ವಯಸ್ಕನು ವಿಲ್, ಮಗುವು ಸ್ಮಿತ್.

ತುಂಗಾತೀರ ಅವರ ಫಲ ಉಣ್ಣದ ಖಳನ ಮಾತಿಗೂ ಇಲ್ಲಿಯೇ ಬರುತ್ತೇನೆ. 'ಹಿಸ್ ಮೆಜೆಸ್ಟಿ ಸ್ಮಿತ್' ಕಂತಿನಲ್ಲಿ ಅನ್ಯಗ್ರಹದವರು ಅವನನ್ನು ರಾಜನನ್ನಾಗಿ ಆರಿಸುತ್ತಾರೆ. ಕಿರೀಟ ಸಿಕ್ಕ ಕೂಡಲೇ ಅವನ ನಡಿಗೆ ಬದಲಾಗುತ್ತದೆ, ರಾಬಿನ್ಸನ್‌ರನ್ನು ಪ್ರಜೆಗಳಂತೆ ನೋಡಲಾರಂಭಿಸುತ್ತಾನೆ. ಆಮೇಲೆ ತಿಳಿಯುವುದೇನೆಂದರೆ, ಅವರಿಗೆ ಬೇಕಿದ್ದದ್ದು ಬಲಿ ಕೊಡಲು ಯಾರಿಗೂ ಉಪಯೋಗವಿಲ್ಲದ ಒಬ್ಬ ವ್ಯಕ್ತಿ, ಹುಡುಕಿ ಹುಡುಕಿ ಇವನನ್ನು ಆರಿಸಿದ್ದಾರೆ. ಇದಕ್ಕಿಂತ ಕಠಿಣವಾದ ಶಿಕ್ಷೆ ಬೇಕೇ? ಆಡಂಬರದ ಮನುಷ್ಯನಿಗೆ ಅವನ ಬೆಲೆಯನ್ನು ಮುಖಕ್ಕೆ ಹೇಳುವ ಕಂತು ಅದು.

ಇನ್ನೊಂದು, 1968ರ ಜನವರಿಯ 'ದ ಟೈಮ್ ಮರ್ಚೆಂಟ್'. ಕಾಲದ ವ್ಯಾಪಾರಿಯೊಬ್ಬನ ಯಂತ್ರದಿಂದ ಸ್ಮಿತ್ ಉಡಾವಣೆಯ ದಿನಕ್ಕೇ ಮರಳುತ್ತಾನೆ. ಈ ಬಾರಿ ನೌಕೆ ಹತ್ತದೆ ಭೂಮಿಯಲ್ಲೇ ಉಳಿದರೆ ಮೂರು ವರ್ಷಗಳ ಕಷ್ಟವೆಲ್ಲ ಇಲ್ಲವಾಗುತ್ತದೆ. ಆದರೆ ಅವನ ತೂಕವಿಲ್ಲದಿದ್ದರೆ ನೌಕೆ ನೇರ ದಾರಿಯಲ್ಲಿ ಹೋಗಿ, ನಕ್ಷೆಯಲ್ಲಿಲ್ಲದ ಕ್ಷುದ್ರಗ್ರಹವೊಂದಕ್ಕೆ ಬಡಿದು ನಾಶವಾಗುತ್ತದೆಂದು ರೋಬಾಟ್ ಹೇಳುತ್ತದೆ. ಒದ್ದಾಡಿ, ಗೊಣಗಿ, ಕೊನೆಗೆ ಅವನು ಹತ್ತುತ್ತಾನೆ. ಮೊದಲ ಕಂತಿನಲ್ಲಿ ಯಾವ ಮೈತೂಕ ಅವರನ್ನು ದಾರಿ ತಪ್ಪಿಸಿತೋ ಅದೇ ಇಲ್ಲಿ ಅವರನ್ನು ಬದುಕಿಸುತ್ತದೆ. ಬರಿಯ ವಿದೂಷಕನಿಂದ ಈ ದೃಶ್ಯ ಸಾಧ್ಯವಿರಲಿಲ್ಲ. ಅವನು ಹತ್ತದೆ ಇರಬಹುದೆಂದು ನಾವು ನಿಜವಾಗಿ ಸಂಶಯಪಡುವುದರಿಂದಲೇ ಆ ದೃಶ್ಯ ನಿಲ್ಲುತ್ತದೆ.

ನೀಲಿ ಪೆನ್ಸಿಲ್:

ಚರ್ಚೆಯಲ್ಲಿ ಇನ್ನೊಂದು ಎಳೆ ಬಿಟ್ಟುಹೋಗಿದೆ, ಅದನ್ನು ಹೇಳದಿದ್ದರೆ ಅಪೂರ್ಣವಾಗುತ್ತದೆ. ಸ್ಮಿತ್‌ನ ಬಳುಕುವ ಕೈಗಳು, ಚೀರಾಟ, ನಾಜೂಕು, ಮೈಕೈ ನೋವಿನ ದೂರುಗಳು, ಇವೆಲ್ಲ ಆ ಕಾಲದ ಅಮೆರಿಕನ್ ಮನರಂಜನೆಯಲ್ಲಿ 'ಗಂಡಸುತನ ಸಾಲದವನು' ಎಂದು ತೋರಿಸಲು ಬಳಕೆಯಲ್ಲಿದ್ದ ಗುರುತುಗಳು. ಅದರ ಎದುರಿಗೆ ಅಗಲ ಭುಜದ ಜಾನ್ ರಾಬಿನ್ಸನ್ ಮತ್ತು ಮುಷ್ಟಿ ಬಿಗಿದ ಮೇಜರ್ ವೆಸ್ಟ್ ನಿಲ್ಲುತ್ತಾರೆ. ನಾಜೂಕುತನವನ್ನು ದ್ರೋಹಕ್ಕೂ ಹೇಡಿತನಕ್ಕೂ ಗಂಟುಹಾಕುವ ಈ ರೂಢಿಯಿಂದ ನಿಜಜೀವನದಲ್ಲಿ ಎಷ್ಟೋ ಜನ ಅವಮಾನ ಅನುಭವಿಸಿದ್ದಾರೆ. ಆದ್ದರಿಂದ ಈ ಪಾತ್ರವನ್ನು ನಾನು ಪೂರ್ತಿ ನಿರಾತಂಕವಾಗಿ ನೋಡಲಾರೆ.

ಆದರೆ ಗಮನಿಸಬೇಕಾದ ಇನ್ನೊಂದು ಮಗ್ಗುಲಿದೆ. ಬರವಣಿಗೆ ಯಾರನ್ನು ಮೆಚ್ಚಬೇಕೆಂದು ಹೇಳಿತೋ ಅವರನ್ನು ಪ್ರೇಕ್ಷಕರು ಮೆಚ್ಚಲಿಲ್ಲ. ಮಕ್ಕಳು ಕಾದು ಕುಳಿತು ನೋಡಿದ್ದು ಮೇಜರನನ್ನಲ್ಲ, ಸ್ಮಿತ್‌ನನ್ನು. ಹ್ಯಾರಿಸ್ ಆ ಗುರುತುಗಳನ್ನು ನಾಚಿಕೆಯಿಂದ ಹೊರದೆ ಹಬ್ಬದ ಉಡುಪಿನಂತೆ ಧರಿಸಿದರು. ಬರೆದವರ ತೀರ್ಪನ್ನು ನಟನೊಬ್ಬ ತನ್ನ ಉಲ್ಲಾಸದಿಂದಲೇ ತಲೆಕೆಳಗು ಮಾಡಿದ ಉದಾಹರಣೆಯಾಗಿ ನಾನು ಇದನ್ನು ನೋಡುತ್ತೇನೆ.

ರಂಗಮಂಟಪ:

ನೀಲಿ ಪೆನ್ಸಿಲ್ ಅವರ ಮಾತನ್ನು ಒಪ್ಪುತ್ತೇನೆ. ಹ್ಯಾರಿಸ್ ತಮ್ಮ ಪಾತ್ರವನ್ನು ಎಲ್ಲಿಯೂ ಅಪಹಾಸ್ಯ ಮಾಡುವುದಿಲ್ಲ ಎಂಬುದನ್ನೂ ಸೇರಿಸಬೇಕು. ಸೆಲರಿ ಗಿಡವಾಗಿ ನಿಂತಾಗಲೂ ಆ ಸಂಕಟ ಸ್ಮಿತ್‌ಗೆ ನಿಜ. ಪಕ್ಕದವರು ನಗು ತಡೆಯಲಾಗದೆ ಒದ್ದಾಡಿದರೆಂದರೆ, ಹ್ಯಾರಿಸ್ ನಗದೆ ನಿಂತದ್ದು ಸಣ್ಣ ಸಾಧನೆಯಲ್ಲ. ಮುಂದೆ 1978ರ 'ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ' ಸರಣಿಯಲ್ಲಿ ಲೂಸಿಫರ್ ಎಂಬ ಯಂತ್ರಕ್ಕೆ ಅವರೇ ಧ್ವನಿ ಕೊಟ್ಟರು. ಒಂದು ಕಾಲದಲ್ಲಿ ರೋಬಾಟನ್ನು ಬಯ್ದ ದನಿಯೇ ರೋಬಾಟಿನೊಳಗೆ ಸೇರಿತು. ಮುಖ ಕಾಣದಿದ್ದರೂ ಎರಡು ಮಾತಿನಲ್ಲಿ ಅವರೆಂದು ಗೊತ್ತಾಗುತ್ತದೆ.

ತುಂಗಾತೀರ:

'ಟೈಮ್ ಮರ್ಚೆಂಟ್' ಕಂತಿನ ವಿಷಯದಲ್ಲಿ ನೀವು ಹೇಳಿದ್ದು ಸರಿ, ಆ ಕಂತು ನನಗೂ ಇಷ್ಟ. ಆದರೆ ಅದು ಕೊನೆಯ ಆವೃತ್ತಿಯ ಇಪ್ಪತ್ತನಾಲ್ಕು ಕಂತುಗಳಲ್ಲಿ ಒಂದು. ಒಂದು ಒಳ್ಳೆಯ ಕಂತಿನಿಂದ ಉಳಿದವುಗಳ ಲೆಕ್ಕ ತೀರುವುದಿಲ್ಲ. ಗೈ ವಿಲಿಯಮ್ಸ್ ಸರಣಿ ಮುಗಿದ ಮೇಲೆ ಹಾಲಿವುಡ್ ಕಡೆಗೆ ಬೆನ್ನು ಮಾಡಿ ಅರ್ಜೆಂಟೀನಾದಲ್ಲಿ ನೆಲೆಸಿದರು, 1989ರಲ್ಲಿ ಬ್ಯೂನಸ್ ಐರಿಸ್‌ನಲ್ಲಿಯೇ ತೀರಿಕೊಂಡರು. ಅಲ್ಲಿಯ ಜನ ಅವರನ್ನು ಝೋರೋ ಎಂದು ಪ್ರೀತಿಸಿದರೇ ಹೊರತು ಪ್ರೊಫೆಸರ್ ರಾಬಿನ್ಸನ್ ಎಂದಲ್ಲ. ಒಬ್ಬ ನಟ ಅರಳಿದ್ದಕ್ಕೆ ತೆತ್ತ ಬೆಲೆಯಲ್ಲಿ ಇದೂ ಸೇರುತ್ತದೆ.

ಮರುನಿರ್ಮಾಣಗಳನ್ನೂ ನೋಡೋಣ. 1998ರ ಚಲನಚಿತ್ರದಲ್ಲಿ ಗ್ಯಾರಿ ಓಲ್ಡ್‌ಮನ್ ಅವರ ಸ್ಮಿತ್ ಮತ್ತೆ ಕಡುಖಳ. ಹಳೆಯ ತಾರಾಗಣದ ಹಲವರು ಅದರಲ್ಲಿ ಚಿಕ್ಕ ಪಾತ್ರಗಳಲ್ಲಿ ಬಂದು ಹೋದರು, ಹ್ಯಾರಿಸ್ ಮಾತ್ರ ಚಿಕ್ಕ ಪಾತ್ರಕ್ಕೆ ಒಪ್ಪಲಿಲ್ಲ. 2018ರಿಂದ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ಹೊಸ ಸರಣಿಯಲ್ಲಿ ಪಾರ್ಕರ್ ಪೋಸಿ ಅವರದು ಹೆಣ್ಣು ಸ್ಮಿತ್. ಆ ಪಾತ್ರದ ನಿಜವಾದ ಹೆಸರು ಜೂನ್ ಹ್ಯಾರಿಸ್, ಅಂದರೆ ಲಾಕ್‌ಹಾರ್ಟ್ ಮತ್ತು ಹ್ಯಾರಿಸ್ ಇಬ್ಬರಿಗೂ ನಮಸ್ಕಾರ. ಆಕೆ ಗುರುತು ಕದಿಯುವುದು ಅಸಲಿ ಡಾಕ್ಟರ್ ಸ್ಮಿತ್‌ನಿಂದ, ಆ ಚಿಕ್ಕ ಪಾತ್ರದಲ್ಲಿ ನಟಿಸಿದವರು ಹಿಂದಿನ ವಿಲ್ ಆದ ಬಿಲ್ ಮ್ಯೂಮಿ. ಆಕೆ ಮೃದುವಾಗಿ ಮಾತಾಡುತ್ತಾಳೆ, ಯೋಚಿಸಿ ಸುಳ್ಳು ಹೇಳುತ್ತಾಳೆ, ಸುತ್ತಲಿನವರ ದೌರ್ಬಲ್ಯ ಹುಡುಕುತ್ತಾಳೆ. ಚೀರಾಟವಿಲ್ಲದೆಯೂ ಸ್ಮಿತ್ ಸಾಧ್ಯ ಎಂಬುದಕ್ಕೆ ಪುರಾವೆ ಇದು.

ಕಪ್ಪುಬಿಳುಪು:

ಪೋಸಿ ಅವರ ಅಭಿನಯದ ಬಗ್ಗೆ ತಕರಾರಿಲ್ಲ. ಆದರೆ ಓಲ್ಡ್‌ಮನ್ ಅವರ ಸ್ಮಿತ್ ನಿಮ್ಮ ವಾದಕ್ಕಿಂತ ನನ್ನ ವಾದಕ್ಕೇ ಹತ್ತಿರ. ಅಷ್ಟು ದೊಡ್ಡ ನಟ, ಅಷ್ಟು ದೊಡ್ಡ ಬಜೆಟ್, ಆದರೂ ಆ ಸ್ಮಿತ್‌ನ ಒಂದು ಮಾತಾದರೂ ನಿಮಗೆ ನೆನಪಿದೆಯೇ? ಕತ್ತಲೆ ತುಂಬಿದ ಖಳರು ಬೇಕಾದಷ್ಟು ಸಿಗುತ್ತಾರೆ. ತಾನು ಮಾಡಿದ ದ್ರೋಹಕ್ಕೆ ತಾನೇ ಬಲಿಪಶುವೆಂದು ನಂಬಿ, ನಂಬಿಸಿ, ನಮ್ಮಿಂದ ಕನಿಕರವನ್ನೂ ಕಿತ್ತುಕೊಳ್ಳುವ ಖಳ ಅಪರೂಪ. ತಂಡದ ಉಳಿದ ನಟರಿಗೆ ಅನ್ಯಾಯವಾಯಿತು ಎಂಬ ನಿಮ್ಮ ಮಾತನ್ನು ಮಾತ್ರ ಪೂರ್ತಿ ಒಪ್ಪುತ್ತೇನೆ. ಅದು ಬರಹಗಾರರ ಸೋಮಾರಿತನ. ಗೆದ್ದ ಮೂವರ ಹಿಂದೆಯೇ ಓಡಿದರು.

ಹಳೆ ಆಂಟೆನಾ:

ಇದನ್ನೆಲ್ಲ ಓದಿ ಮೊದಲಿಂದ ನೋಡಬೇಕೆನಿಸಿದೆ. 83 ಕಂತು ನೋಡುವಷ್ಟು ಸಮಯವಿಲ್ಲ. ಸ್ಮಿತ್‌ನ ಬದಲಾವಣೆ ಕಾಣುವಂತೆ ಯಾವುದನ್ನು ನೋಡಲಿ?

ಏಳನೆಯ ಕಕ್ಷೆ:

ಮೊದಲ ಐದು ಕಂತುಗಳನ್ನು ಬಿಡದೆ ನೋಡಿ, ಅವು ಒಂದೇ ಕಥೆಯಂತೆ ಸಾಗುತ್ತವೆ. ಆಮೇಲೆ 'ವಿಶ್ ಅಪಾನ್ ಎ ಸ್ಟಾರ್' ಮತ್ತು 'ಹಿಸ್ ಮೆಜೆಸ್ಟಿ ಸ್ಮಿತ್'. ಎರಡನೆಯ ಆವೃತ್ತಿಯಿಂದ 'ವೆಸ್ಟ್ ಆಫ್ ಮಾರ್ಸ್' ಒಂದು ಸಾಕು. ಅದರಲ್ಲಿ ಹ್ಯಾರಿಸ್‌ದು ದ್ವಿಪಾತ್ರ, ಸ್ಮಿತ್‌ನನ್ನೇ ಹೋಲುವ ಝೀನೋ ಎಂಬ ಬಂದೂಕುಕೋರ ಬರುತ್ತಾನೆ. ಹೇಡಿಯಲ್ಲದ ಸ್ಮಿತ್ ಹೇಗಿರುತ್ತಿದ್ದನೆಂದು ಅಲ್ಲಿ ಕಾಣುತ್ತದೆ, ಸತ್ಯ ಹೇಳಬೇಕೆಂದರೆ ಝೀನೋ ಅಷ್ಟೇನೂ ಸ್ವಾರಸ್ಯದವನಲ್ಲ. ಕೊನೆಗೆ 'ದ ಟೈಮ್ ಮರ್ಚೆಂಟ್'. ಗಜ್ಜರಿಯ ಕಂತನ್ನು ನೋಡಬೇಕೋ ಬೇಡವೋ ಎಂಬುದನ್ನು ತುಂಗಾತೀರ ಅವರನ್ನೇ ಕೇಳಿ.

ತುಂಗಾತೀರ:

ನೋಡಿ. ಆದರೆ ಹ್ಯಾರಿಸ್ ಮುಖವನ್ನಲ್ಲ, ಹಿಂದೆ ನಿಂತ ಗೈ ವಿಲಿಯಮ್ಸ್ ಅವರ ಮುಖವನ್ನು ನೋಡಿ.